ರೇಣುಕಾ ಬೀಳಲು ಕಲಿತ ಶ್ರಾವಣ

ಮೊನ್ನೆ ಗಿರಣಿಯಿಂದ ಜೋಳದ ಹಿಟ್ಟಿನ ಡಬ್ಬಿ ಹೊತ್ತು ಬರುವಾಗ ಗರಡಿಮನೆಯ ಹತ್ತಿರ ವಾಸನೆ ಹೊಡೆಯಿತು. ಎಳ್ಳೆಣ್ಣೆ, ಮಜ್ಜಿಗೆ, ಅರಿಷಿಣ, ನಿಂಬೆಹುಳಿ ಎಲ್ಲ ಕೆಂಪು ಮಣ್ಣಿನಲ್ಲಿ ಕಲೆತರೆ ಬರುವ ವಾಸನೆ. ಅಖಾಡದ ಮಣ್ಣನ್ನು ಹೊಸದಾಗಿ ಹದ ಮಾಡುತ್ತಿದ್ದರು. ಕೆಲವರಿಗೆ ಆ ವಾಸನೆ ಬಂದರೆ ಗುಡಿಗೆ ಹೋದ ಹಾಗೆ ಆಗುತ್ತದಂತೆ. ನನಗೆ ಹಾಗೇನೂ ಆಗುವುದಿಲ್ಲ. ಪೈಲ್ವಾನನ ಹೆಂಡತಿಯಾಗಿ ಮೂವತ್ತು ವರ್ಷ ಆ ಮಣ್ಣು ಹತ್ತಿದ ಲಂಗೋಟಿ ಒಗೆದಿದ್ದೇನೆ, ಅದರ ಕಲೆ ಹೋಗುವುದಿಲ್ಲ ಎನ್ನುವುದೊಂದೇ ನನಗೆ ಗೊತ್ತು. ಆದರೂ ಈ ಸಲ ಡಬ್ಬಿ ಕೆಳಗಿಳಿಸಿ ಒಂದು ಗಳಿಗೆ ನಿಂತೆ. ಎರಡು ವರ್ಷದ ಹಿಂದಿನ ಶ್ರಾವಣ ನೆನಪಾಯಿತು.

ಆ ಶ್ರಾವಣದಲ್ಲಿ ನಮ್ಮೂರು ಸಂಗೊಳ್ಳಿಗೆ ಮಳೆ ಹಿಡಿದದ್ದು ಬಿಡಲಿಲ್ಲ. ದೊಡ್ಡ ಮಳೆಯಲ್ಲ, ಜಿಟಿಜಿಟಿ. ಹೊಲದಲ್ಲಿ ಹೆಸರು ಬಲಿತು ನಿಂತಿತ್ತು, ಕಾಯಿ ಬಿಡಿಸಲು ಬಿಸಿಲಿಲ್ಲ. ಹಾಗೇ ಬಿಟ್ಟರೆ ಗಿಡದಲ್ಲೇ ಮೊಳಕೆ ಒಡೆಯುತ್ತದೆ. ಒಂದು ತಾಸು ಮಳೆ ನಿಂತರೆ ನಾನು, ಸೊಸೆ ಶೋಭಾ ಓಡಿ ಹೋಗಿ ಕೈಗೆ ಸಿಕ್ಕಷ್ಟು ಹರಿದು ತರುತ್ತಿದ್ದೆವು. ತಂದದ್ದನ್ನು ಪಡಸಾಲೆಯಲ್ಲಿ ಹಾಸಿ ಫ್ಯಾನು ಹಚ್ಚುತ್ತಿದ್ದೆವು. ಮಲಗಲು ಜಾಗವಿರಲಿಲ್ಲ. ಬಂದವರು ಕಾಯಿ ತುಳಿದು ಚಟಚಟ ಸಪ್ಪಳ ಮಾಡುತ್ತ ಒಳಗೆ ಬರಬೇಕು.

ನನ್ನ ಮೊಮ್ಮಗಳು ರೇಣುಕಾ ಆಗ ಜಪಾನಿನಲ್ಲಿದ್ದಳು. ಮಗ ಈರಪ್ಪನ ಮಗಳು, ಇಪ್ಪತ್ತೊಂದು ವರ್ಷದವಳು. ಧಾರವಾಡದ ಕಡೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಆರು ವರ್ಷ ಕುಸ್ತಿ ಕಲಿತಳು. ಎಲ್ಲಿ ಹೋದರೂ ಎರಡನೆಯ ನಂಬರು. ಎರಡನೆಯ ನಂಬರಿನವರಿಗೆ ಯಾರೂ ನೌಕರಿ ಕೊಡುವುದಿಲ್ಲ. ಹಾಸ್ಟೆಲ್ಲಿನ ಮುದತ್ತು ಮುಗಿಯುವ ಹೊತ್ತಿಗೆ ಜಪಾನಿನ ಒಂದು ಕುಸ್ತಿ ಕಂಪನಿಯವರು ಹುಡುಗಿಯರನ್ನು ಹುಡುಕಿಕೊಂಡು ಬಂದರು, ಇವಳನ್ನು ಆರಿಸಿದರು. ಅಲ್ಲಿ ಟಿಕೀಟು ತೆಗೆದು ಕುಸ್ತಿ ನೋಡಲು ಬರುತ್ತಾರಂತೆ, ಸಿನೆಮಾಕ್ಕೆ ಬಂದ ಹಾಗೆ. ಯುಗಾದಿ ಮುಗಿಸಿ ಹೋದಳು. ಮೊದಲು ಬರೀ ತರಬೇತಿ, ಆಮೇಲೆ ಜನರ ಮುಂದೆ ಒಂದು ಕುಸ್ತಿ. ಅದನ್ನು ನೋಡಿ ಇಟ್ಟುಕೊಳ್ಳುವುದೋ ತಿರುಗಿ ಕಳಿಸುವುದೋ ಎಂದು ಹೇಳುತ್ತಾರೆ. ಇಲ್ಲಿ ರಾಮದುರ್ಗದ ಒಂದು ಮನೆಯವರು ವರ ಹಿಡಿದುಕೊಂಡು ಕುಳಿತಿದ್ದರು. ರೇಣುಕಾ ತಿರುಗಿ ಬಂದರೆ ದೀಪಾವಳಿಗೆ ಮದುವೆ ಎಂದು ಈರಪ್ಪ ಮನಸ್ಸಿನಲ್ಲೇ ಚಪ್ಪರ ಹಾಕಿದ್ದ.

ಫೋನಿನಲ್ಲಿ ಅವಳು ಹೇಳುವುದನ್ನು ಕೇಳಿದರೆ ಅದು ತೀರಿಹೋದ ನನ್ನ ಗಂಡನ ಕಾಲದ ಗರಡಿಯೇ. ಹೊಸಬರು ನಸುಕಿನಲ್ಲಿ ಎದ್ದು ಕಸ ಹೊಡೆಯಬೇಕು, ಎಲ್ಲರಿಗೂ ಅಡುಗೆ ಮಾಡಬೇಕು, ದೊಡ್ಡವರ ಬಟ್ಟೆ ಒಗೆಯಬೇಕು.

"ಆಯಿ, ಇವರೂ ನಮ್ಮ ಬೈಠಕ್ ಹೊಡಿತಾರ. ದಿನಾ ಐದನೂರ" ಎಂದಳು ಒಂದು ದಿನ.

ನಾನು ಅದನ್ನು ದಸ್ತಗೀರನಿಗೆ ಹೇಳಿದೆ. "ಹಂಗಾದ್ರ ಛಲೋ ಮಂದಿ" ಎಂದ. ಅವನ ಬಾಯಿಂದ ಪರವೂರಿನವರಿಗೆ ಒಳ್ಳೆಯ ಮಾತು ಬಂದದ್ದು ಅದೇ ಮೊದಲು.

ದಸ್ತಗೀರ ಎಂದರೆ ನಮ್ಮೂರ ಗರಡಿಯ ಉಸ್ತಾದ. ನನ್ನ ಗಂಡನ ಜೊತೆ ಮಣ್ಣು ಹೊತ್ತವನು, ಅವನಿಗಿಂತ ಆರು ವರ್ಷ ಸಣ್ಣವನು. ಅಣ್ಣನ ಹೆಂಡತಿ ಎಂದು ನನ್ನನ್ನು ವೈನಿ ಎನ್ನುತ್ತಾನೆ. ನಾನು ಜನರ ಮುಂದೆ ಉಸ್ತಾದರ ಎಂದು ರೀ ಹಚ್ಚುತ್ತೇನೆ, ಜನ ಇಲ್ಲದಾಗ ನೀ ಎನ್ನುತ್ತೇನೆ. ರೇಣುಕಾ ಎಂಟೊಂಬತ್ತು ವರ್ಷದವಳಿದ್ದಾಗ ಗರಡಿಯ ಗೋಡೆ ಹತ್ತಿ ಹುಡುಗರ ಕುಸ್ತಿ ನೋಡುತ್ತಿದ್ದಳು. ಹೆಣ್ಣುಮಕ್ಕಳು ಅಖಾಡಕ್ಕೆ ಇಳಿಯುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಹುಡುಗರು ಬರುವ ಮೊದಲು ನಸುಕಿನಲ್ಲಿ ಇವಳೊಬ್ಬಳನ್ನೇ ಇಳಿಸಿಕೊಂಡವನು ಅವನು. ಊರವರು ಆಡಿಕೊಂಡರು. ಆಡಿಕೊಳ್ಳುವವರಿಗೆ ಹಾಲು ಹಿಂಡುವ ಕೆಲಸವಿಲ್ಲವೇನು ಎಂದು ಸುಮ್ಮನಾದ.

ಅವನು ಅವಳಿಗೆ ಮೊದಲು ಕಲಿಸಿದ್ದು ಎತ್ತುವುದನ್ನಲ್ಲ, ಕೆಡವುವುದನ್ನಲ್ಲ. ಬೆನ್ನು ಮಣ್ಣಿಗೆ ಹತ್ತದಂತೆ ನೋಡಿಕೊಳ್ಳುವುದನ್ನು. ನೆತ್ತಿ ಒಂದು ಕಡೆ, ಹಿಮ್ಮಡ ಒಂದು ಕಡೆ, ನಡುವೆ ಮೈ ಕಮಾನು. ಬೆನ್ನ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ, ಅದು ಒಡೆಯಬಾರದು. ಇದು ಅವಳ ಮೈಗೆ ಎಷ್ಟು ಹತ್ತಿತ್ತೆಂದರೆ ನಿದ್ದೆಗಣ್ಣಿನಲ್ಲಿ ಮೈಮೇಲಿನ ಕೌದಿ ಎಳೆದರೂ ಕಮಾನಾಗುತ್ತಿದ್ದಳು. ಅದನ್ನು ನೋಡಿ ಶೋಭಾ ಎಷ್ಟೋ ಸಲ ಬೆದರಿದ್ದಾಳೆ.

ಅವನ ಇನ್ನೊಂದು ಕಟ್ಟುನಿಟ್ಟು ಊರಿಗೆಲ್ಲ ಗೊತ್ತು. ಯಾರು ಗೆಲ್ಲಬೇಕು, ಯಾರು ಸೋಲಬೇಕು ಎಂದು ಮೊದಲೇ ಮಾತಾಡಿಕೊಂಡು ಆಡುವವರನ್ನು ಅವನು ಕಂಡರೆ ಆಗುವುದಿಲ್ಲ. ಸವದತ್ತಿ ಕಡೆ ಒಮ್ಮೆ ಅವನದೇ ಶಿಷ್ಯ ಹಾಗೆ ಆಡಿದ. ಮರುದಿನ ಉಸ್ತಾದ ಅವನ ಲಂಗೋಟಿಯನ್ನು ಬೀದಿಗೆ ಎಸೆದ, ಮತ್ತೆ ಮಣ್ಣು ಮುಟ್ಟಗೊಡಲಿಲ್ಲ. ಆ ಶಿಷ್ಯ ಈಗ ಉಗರಗೋಳದಲ್ಲಿ ಚಹಾದ ಅಂಗಡಿ ಇಟ್ಟಿದ್ದಾನೆ. ಇವತ್ತಿಗೂ ಉಸ್ತಾದ ಎದುರಿಗೆ ಬಂದರೆ ಗಾಡಿಯಿಂದ ಇಳಿದು ತಲೆ ತಗ್ಗಿಸಿ ನಿಲ್ಲುತ್ತಾನೆ.

ಹೀಗಿರುವಾಗ ಕುಸ್ತಿಯ ಹಿಂದಿನ ದಿನ ರೇಣುಕಾ ಫೋನ್ ಮಾಡಿದಳು. ಶೋಭಾ ಹಿತ್ತಲಲ್ಲಿದ್ದಳು, ನಾನೇ ಎತ್ತಿದೆ.

"ಆಯಿ, ನಿನಗೊಬ್ಬಾಕಿಗೆ ಹೇಳತೇನಿ. ನಾಳೆ ನಾ ಸೋಲಾಕಿ."

"ಆಡೂಕಿಂತ ಮೊದಲ ಹೆಂಗ ಗೊತ್ತು?"

"ಹೇಳಿ ಬಿಟ್ಟಾರ. ಇಲ್ಲೆ ಹಂಗ. ಯಾರು ಗೆಲ್ಲಬೇಕು ಅನ್ನೂದು ಮೊದಲ ಮಾತಾಗಿರತೈತಿ. ಹೊಸಬರು ಎಲ್ಲಾರೂ ಮೊದಲ ಸೋಲಬೇಕು. ಹೆಂಗ ಸೋಲತಾರ ಅನ್ನೂದನ್ನ ನೋಡಿ ಇಟ್ಟುಕೊಳ್ಳತಾರ."

"ಹಂಗಾದ್ರ ಬಡಿದಾಡೂದ್ಯಾಕ?"

"ಬಡಿತ ಖರೇನ, ಆಯಿ. ಬೀಳೂದೂ ಖರೇನ. ಕಡೀ ಲೆಕ್ಕ ಅಷ್ಟ ಮೊದಲ ಗೊತ್ತಿರತೈತಿ. ನೋಡಾಕ ಬಂದವರಿಗೂ ಗೊತ್ತಿರತೈತಿ. ಉಸ್ತಾದ್‌ರಿಗೆ ಹೇಳಬ್ಯಾಡ."

ನಾನು ಹೇಳಲಿಲ್ಲ. ಹೇಳಬೇಕಿತ್ತು.

ಮರುದಿನ ಮಧ್ಯಾಹ್ನ ಮೂರು ಗಂಟೆಗೆ ಗರಡಿಮನೆಯ ಮುಂದಿನ ಪಡಸಾಲೆಯಲ್ಲಿ ಈರಪ್ಪ ತನ್ನ ಫೋನಿಗೆ ವಾಯರು ಹಚ್ಚಿ ಟಿವಿಯಲ್ಲಿ ಬರುವಂತೆ ಮಾಡಿದ. ಅಲ್ಲಿ ಅದು ದೀಪ ಹಚ್ಚುವ ಹೊತ್ತಂತೆ, ನಮ್ಮಲ್ಲಿ ಉಂಡು ಅಡ್ಡಾಗುವ ಹೊತ್ತು. ಹೊಲಕ್ಕೆ ಹೋಗಲು ಮಳೆ ಬಿಡದ್ದರಿಂದ ಇಪ್ಪತ್ತು ಇಪ್ಪತ್ತೈದು ಗಂಡಸರು ಕೂಡಿದ್ದರು. ಉಸ್ತಾದ ತೊಳೆದ ಟೋಪಿ ಹಾಕಿಕೊಂಡು ಮುಂದೆ ಕುರ್ಚಿಯಲ್ಲಿ ಕುಳಿತಿದ್ದ. ನಾನು ಬಾಗಿಲಿನ ಹೊಸ್ತಿಲ ಮೇಲೆ ಕುಳಿತೆ.

ಅಲ್ಲಿಯ ಅಖಾಡದಲ್ಲಿ ಮಣ್ಣಿರಲಿಲ್ಲ. ಎತ್ತರದ ಕಟ್ಟೆಯ ಮೇಲೆ ಗಾದಿ ಹಾಸಿ ನಾಲ್ಕೂ ಕಡೆ ಹಗ್ಗ ಬಿಗಿದಂತೆ ಇತ್ತು. ಸುತ್ತ ಕತ್ತಲು, ಕಟ್ಟೆಯ ಮೇಲೆ ಮಾತ್ರ ಬೆಳಕು.

"ಮಣ್ಣಿಲ್ಲದ ಕುಸ್ತಿ ಅಂದ್ರ ಉಪ್ಪಿಲ್ಲದ ಸಾರು" ಎಂದ ಉಸ್ತಾದ.

ಮೊದಲ ಜೋಡಿಯೇ ನಮ್ಮದು. ರೇಣುಕಾ ಮೈಗೆ ಹತ್ತಿದ ಕೆಂಪು ಅರಿವೆ ಹಾಕಿಕೊಂಡು ಓಡಿ ಬಂದು, ಹಗ್ಗದ ಕೆಳಗೆ ನುಸುಳಿ, ನೆಲ ಮುಟ್ಟಿ ಹಣೆಗೆ ಕೈ ಹಚ್ಚಿದಳು. ಎದುರಾಳಿ ಹಳದಿ ಕೂದಲಿನವಳು. ಬಣ್ಣ ಹಾಕಿಸಿಕೊಂಡದ್ದು. ಅವಳ ಹೆಸರು ಕೂಗಿದ ಕೂಡಲೇ ಜನ ನಾಲ್ಕೂ ಕಡೆಯಿಂದ ಹಳದಿ ಕಾಗದದ ಉದ್ದುದ್ದ ಪಟ್ಟಿ ಎಸೆದರು. ಕಟ್ಟೆಯೆಲ್ಲ ಹಳದಿಯಾಯಿತು.

"ಇವರ ಊರಾಗ ಅರಿಷಿಣದ ಭಂಡಾರ ಸಿಗೂದಿಲ್ಲ ಕಾಣತೈತಿ, ಹಾಳಿ ತೂರತಾರ" ಎಂದ ಗಿರಣಿ ಕಲ್ಲಪ್ಪ. ಅವನಿಗೆ ಬಾಯಿ ಮುಚ್ಚಿ ಕುಳಿತರೆ ಉಸಿರು ಕಟ್ಟುತ್ತದೆ.

ಕುಸ್ತಿ ಶುರುವಾಯಿತು. ಹಳದಿ ಕೂದಲಿನವಳು ಎದೆಗೆ ಹೊಡೆದ ಏಟಿನ ಸಪ್ಪಳ ನಮ್ಮ ಪಡಸಾಲೆಗೆ ಕೇಳಿತು. ಅದು ಸುಳ್ಳು ಏಟಲ್ಲ. ನಾಲ್ಕು ನಿಮಿಷ ಎಳೆದಾಡಿ ನಮ್ಮ ಹುಡುಗಿಯನ್ನು ಎತ್ತಿ ಒಗೆದು ಮೇಲೆ ಬಿದ್ದಳು. ಸೋಲು ಗೆಲುವು ಹೇಳುವ ಪಂಚ ಬಂದು ಮಗ್ಗುಲಿಗೆ ಬೋರಲಾಗಿ ಗಾದಿಗೆ ಅಂಗೈ ಬಡಿದ. ಒಂದು. ಎರಡು. ಮೂರು ಬಡಿಯುವವರೆಗೆ ಮಲಗಿರಬೇಕು, ಅಷ್ಟೇ ರೇಣುಕಾಳ ಕೆಲಸ. ಮೂರನೆಯದು ಬೀಳುವ ಮುಂಚೆ ಅವಳ ಮೈ ಕಮಾನಾಯಿತು. ಮೇಲಿದ್ದವಳು ಚೀಲ ಉರುಳಿದ ಹಾಗೆ ಉರುಳಿ ಕುತ್ತಿಗೆ ಹಿಡಿದುಕೊಂಡಳು.

ಪಡಸಾಲೆ ಎದ್ದು ನಿಂತಿತು. ಸಿಳ್ಳೆ, ಕೇಕೆ.

ಹಳದಿ ಕೂದಲಿನವಳು ಪಂಚನ ಮುಖ ನೋಡಿದಳು, ಅವನು ಇವಳ ಮುಖ ನೋಡಿದ. ಇನ್ನೊಮ್ಮೆ ಕೆಡವಿದಳು. ಒಂದು, ಎರಡು, ಮತ್ತೆ ಕಮಾನು. ಉಸ್ತಾದ ಕುರ್ಚಿ ಬಿಟ್ಟು ಎದ್ದು ತೊಡೆ ತಟ್ಟಿದ. ಅರವತ್ತೇಳು ವರ್ಷದ ಮನುಷ್ಯ. ಮೂರನೆಯ ಸಲ ಅವಳು ರೇಣುಕಾಳ ಕಾಲು ತಿರುವಿ ಹಿಡಿದಳು. ರೇಣುಕಾ ಸೋತೆ ಎನ್ನುವ ಮೊದಲೇ ಪಂಚ ಗಂಟೆ ಬಾರಿಸಲು ಹೇಳಿ ಮುಗಿಸಿಬಿಟ್ಟ. ಗೆದ್ದವಳು ಕೈ ಕೊಡಲಿಲ್ಲ, ತಿರುಗಿ ನೋಡಲಿಲ್ಲ, ಇಳಿದು ಹೋದಳು.

"ಬೆನ್ನು ಹತ್ತಲಿಲ್ಲ. ಕಾಲು ಹಿಡದಿದ್ದು ಲೆಕ್ಕಕ್ಕಿಲ್ಲ. ಇದು ಸೋಲಲ್ಲ" ಎಂದು ಉಸ್ತಾದ ತೀರ್ಪು ಕೊಟ್ಟ. ಎಲ್ಲರಿಗೂ ಚಹಾ ಕುಡಿಸುತ್ತೇನೆಂದು ಗಂಡಸರನ್ನು ಕರೆದುಕೊಂಡು ಹೋದ. ಈರಪ್ಪನೂ ಹೋದ. ನಮ್ಮ ಹುಡುಗಿ ಅನ್ನದ ಗಡಿಗೆ ಒಡೆದುಕೊಂಡಳು ಎಂದು ನಮ್ಮೂರಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಮನೆಗೆ ಹೋದರೆ ಶೋಭಾಳ ಮುಖ ನೋಡಬೇಕು. ಅದಕ್ಕೇ ಅಲ್ಲೇ ಕುಳಿತು ಉಳಿದ ಕುಸ್ತಿಗಳನ್ನೆಲ್ಲ ನೋಡಿದೆ. ಎಲ್ಲ ಹೆಣ್ಣುಮಕ್ಕಳವೇ. ಒಬ್ಬಳು ಬೆಕ್ಕಿನ ಮುಖವಾಡ ಹಾಕಿಕೊಂಡು ಹಗ್ಗದ ಮೇಲೆ ನಿಂತು ಜಿಗಿದಳು. ಇನ್ನೊಬ್ಬಳು ಹೆದರಿದಂತೆ ಮಾಡಿ ಪಂಚನ ಹಿಂದೆ ಅಡಗಿದಳು, ಕೊನೆಗೆ ಏಟು ಪಂಚನಿಗೇ ಬಿತ್ತು. ನನಗೆ ನಗಬಾರದೆಂದರೂ ನಗು ಬಂತು. ಇಬ್ಬರು ಇಬ್ಬರ ಮೇಲೆ ಆಡಿದರು. ಕಡೆಯ ಜೋಡಿಯಲ್ಲಿ ಒಬ್ಬಳಿಗೆ ಐವತ್ತರ ಹತ್ತಿರ ವಯಸ್ಸು, ಎರಡೂ ಮೊಣಕಾಲಿಗೆ ಪಟ್ಟಿ, ಏಳುವಾಗ ಹಗ್ಗ ಹಿಡಿದು ಏಳುತ್ತಿದ್ದಳು. ಎದುರಿಗೆ ಇಪ್ಪತ್ತರ ಹುಡುಗಿ. ಅರ್ಧ ತಾಸು ಬಡಿದಾಡಿದರು. ಹಿರಿಯವಳು ಸೋತಳು. ಸೋತು ಮಲಗಿದ್ದಲ್ಲೇ ಕೈ ನೀಡಿ ಗೆದ್ದ ಹುಡುಗಿಯ ಕೈಯನ್ನು ಮೇಲೆ ಎತ್ತಿದಳು. ಜನ ಎದ್ದು ನಿಂತು ಅತ್ತರು. ಗೆದ್ದವಳಿಗಿಂತ ಸೋತವಳ ಮೇಲೆ ಹೆಚ್ಚು ಕಾಗದ ಬಿದ್ದವು. ಇದೆಂಥ ಊರಪ್ಪ ಎಂದುಕೊಂಡು ಟಿವಿ ಆರಿಸಿ ಮನೆಗೆ ಬಂದೆ.

ಮರುದಿನ ರೇಣುಕಾ ಫೋನ್ ಮಾಡಿದಳು. ಅಳುತ್ತಿರಲಿಲ್ಲ. ಅತ್ತು ಮುಗಿಸಿದ ದನಿ.

"ಕೆಡಿಸಿದೆ, ಆಯಿ."

"ನೋಡೀನಿ."

"ನಾ ಮಲಗಬೇಕಂತ ಮಾಡಿದ್ದೆ. ಎರಡು ಅನ್ನೂದ್ರಾಗ ಮೈ ತಾನ ಎದ್ದೇತಿ. ಆಕೀ ಕುತ್ತಿಗಿ ಉಳಕೇತಿ."

"ಬೈದ್ರೇನು?"

"ಬೈದಿದ್ರ ಬೇಶ ಇತ್ತು. ಯಾರೂ ನನ್ನ ಕೂಡ ಉಣ್ಣಾಕ ಕುಂಡರಲಿಲ್ಲ. ಇಲ್ಲೆ ಒಬ್ಬರ ಮೈ ಒಬ್ಬರ ಕೈಯಾಗ ಇರತೈತಿ. ಹೇಳಿದಂಗ ಬೀಳಲಾರದಾಕಿ ಕೈಯಾಗ ಮೈ ಯಾರು ಕೊಡತಾರ? ಇಪ್ಪತ್ತು ದಿನಕ್ಕ ಇನ್ನೊಂದು ಕುಸ್ತಿ ಕೊಟ್ಟಾರ. ಅದನ್ನೂ ಕೆಡಿಸಿದ್ರ ಊರಿಗೆ ಕಳಿಸತಾರ."

"ಇಪ್ಪತ್ತು ದಿನ ಮಲಗೂದು ಕಲಿ."

"ಮುಂಜಾನಿಂದ ಅದನ್ನ ಮಾಡಾಕ ಹತ್ತೇನಿ. ಎರಡು ಅನ್ನೂದ್ರಾಗ ಏಳತೇನಿ. ಕಲಿಸಾಕಿ ಕೇಳಿದಳು, ನಿನಗ ಏಳು ಅಂತ ಹೇಳಿದವರು ಯಾರು, ಅವರ ಕಡೆನ ಮಲಗು ಅಂತ ಹೇಳಿಸಿಕೊಂಡ ಬಾ ಅಂತ." "ಆಯಿ, ನೀ ಉಸ್ತಾದ್‌ರನ್ನ ಕೇಳತೀಯೇನು? ನನಗ ಧೈರ್ಯ ಇಲ್ಲ."

ನನಗೂ ಇರಲಿಲ್ಲ. ಆದರೆ ಧೈರ್ಯ ಬರಲಿ ಎಂದು ಕಾಯುತ್ತ ಕುಳಿತರೆ ಹೆಸರು ಮೊಳಕೆ ಒಡೆಯುತ್ತದೆ. ಅವತ್ತೇ ಸಂಜೆ ಗರಡಿಗೆ ಹೋಗಿ, ಉಸ್ತಾದ ಒಬ್ಬನೇ ಇದ್ದಾಗ ಎಲ್ಲವನ್ನೂ ಹೇಳಿದೆ. ಅವನು ಗುದ್ದಲಿಯಿಂದ ಮಣ್ಣು ಕೆದಕುತ್ತಿದ್ದ. ಕೈ ನಿಂತಿತು.

"ಮಾತಾಡಿಕೊಂಡ ಕುಸ್ತಿ ಏನು ಅದು?"

"ಹೌದು."

"ವೈನಿ, ನನ್ನ ಕಡೆ ಚಹಾ ಕುಡದವರು ಇಪ್ಪತ್ತು ಮಂದಿ ಅದಾರ. ಅವರ ಮುಂದ ತೊಡಿ ತಟ್ಟೀನಿ." ಗುದ್ದಲಿಯನ್ನು ಗೋಡೆಗೆ ಆನಿಸಿ ಇಟ್ಟ. "ಇದನ್ನ ನೀವು ನನಗ ಹೇಳಬಾರದಿತ್ತು."

ಆಮೇಲೆ ಐದಾರು ದಿನ ನನ್ನನ್ನು ಕಂಡರೆ ಓಣಿ ಬದಲಿಸಿದ. ರೇಣುಕಾಳನ್ನು ತಿರುಗಿ ಕಳಿಸಬಹುದು ಎನ್ನುವ ಸುದ್ದಿ ಹೇಗೋ ಈರಪ್ಪನಿಗೆ ತಿಳಿಯಿತು. ಅವನು ಬೈಲಹೊಂಗಲದಿಂದ ಸವದತ್ತಿಗೆ ಮಾಲಿನ ಗಾಡಿ ಓಡಿಸುತ್ತಾನೆ, ದಾರಿಯ ಮೇಲೆ ಬಿದ್ದ ಸುದ್ದಿಯೆಲ್ಲ ಅವನ ಗಾಡಿ ಹತ್ತುತ್ತದೆ.

"ಬರಲಿ ಬಿಡ ಅವ್ವಾ" ಎಂದ ಉಣ್ಣುವಾಗ. "ರಾಮದುರ್ಗದವರು ಇನ್ನೂ ಕಾಯಾಕ ಹತ್ತ್ಯಾರ."

"ಆಕಿಗೆ ಬರಬೇಕು ಅನಿಸಿದ್ರ ಬರಲಿ. ಹೊರಗ ಹಾಕಿಸಿಕೊಂಡ ಬರೂದು ಬ್ಯಾಡ. ಹಂಗ ಬಂದಾಕಿ ಜನ್ಮ ಪೂರಾ ಹೊರಗಿನಾಕಿ ಆಗತಾಳ. ರಾಮದುರ್ಗದವರಿಗೆ ಕಾಯಬ್ಯಾಡ್ರಿ ಅಂತ ಇವತ್ತ ಹೇಳಿ ಬಿಡು."

ಅವನು ರೊಟ್ಟಿ ಮುರಿಯುವುದನ್ನು ಬಿಟ್ಟು ನನ್ನ ಮುಖ ನೋಡಿದ. ಶೋಭಾ ಅವನ ತಾಟಿಗೆ ಪಲ್ಯ ಬಡಿಸುತ್ತ, "ಅತ್ತಿ ಹೇಳಿದ್ದು ಬರೋಬ್ಬರಿ ಐತಿ" ಎಂದಳು. ಅವಳು ನನ್ನ ಮಾತು ಒಪ್ಪುವುದು ವರ್ಷಕ್ಕೆ ಒಂದೆರಡು ಸಲ. ಈರಪ್ಪ ಅವತ್ತೇ ಹೇಳಿದ.

ಏಳನೆಯ ದಿನವೋ ಎಂಟನೆಯ ದಿನವೋ ಮಳೆ ಸ್ವಲ್ಪ ಹೊಳವಾಯಿತು. ನಸುಕಿನಲ್ಲಿ ಹೊಲಕ್ಕೆ ಹೊರಟವಳು ಗರಡಿಯ ಕಿಟಕಿಯ ಹತ್ತಿರ ನಿಂತೆ. ಒಳಗೆ ಉಸ್ತಾದ ಸಣ್ಣ ಮಕ್ಕಳಿಗೆ ಜೋರ ಮಾಡಿಸುತ್ತಿದ್ದ. ಜೋರ ಎಂದರೆ ಕಲಿಯುವವರ ಜೊತೆ ಕಲಿಸುವವನೇ ಹಿಡಿದು ಆಡುವುದು. ಗೇಣುದ್ದದ ಒಂದು ಕೂಸು ಉಸ್ತಾದನ ತೋಳು ಹಿಡಿದು ಜಗ್ಗಿತು. ಉಸ್ತಾದ ಬುಡ ಕಡಿದ ಬೇವಿನ ಮರದ ಹಾಗೆ ಧಪ್ ಎಂದು ಅಂಗಾತ ಬಿದ್ದ. ಕೂಸು ಎದೆಯ ಮೇಲೆ ಹತ್ತಿ ಕುಳಿತಿತು, ಉಳಿದ ಮಕ್ಕಳು ಕುಣಿದವು. ಇದನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ. ನನ್ನ ಗಂಡನೂ ಹೀಗೇ ಬೀಳುತ್ತಿದ್ದ. ಆದರೆ ಅವತ್ತು ನೋಡಿದಾಗ ಕಣ್ಣ ಮುಂದೆ ಬಂದದ್ದು ಮೊಣಕಾಲಿಗೆ ಪಟ್ಟಿ ಕಟ್ಟಿದ ಆ ಐವತ್ತರ ಹೆಂಗಸು.

ಮಕ್ಕಳು ಹೋಗುವವರೆಗೂ ನಿಂತೆ. ಉಸ್ತಾದ ನೀರಿನ ತೊಟ್ಟಿಗೆ ಬಂದ.

"ಬೆನ್ನಿಗೆ ಏನದು?" ಎಂದೆ.

"ಮಣ್ಣು."

"ಯಾರು ಹಚ್ಚಿದ್ರು?"

ಅವನಿಗೆ ತಿಳಿಯಿತು. "ಅದು ಬ್ಯಾರೆ, ವೈನಿ. ಅದು ಸಾಲಿ. ಹುಡುಗ್ರಿಗೆ ಉಮೇದ ಬರಲಿ ಅಂತ ಬೀಳತೇನಿ."

"ಆ ಕೂಸಿಗೆ ಮೊದಲ ಹೇಳಿದ್ದೇನು, ಬೀಳತೇನಿ ಅಂತ?"

"ಹೇಳಿದ್ರ ಏನ ಉಪಯೋಗ?"

"ಹಂಗಾದ್ರ ನಿಂದ ದೊಡ್ಡ ಮೋಸ. ಅವರು ಇಬ್ಬರೂ ಮಾತಾಡಿಕೊಂಡು ಮಾಡತಾರ, ನೀ ಒಬ್ಬನ ಮಾಡತಿ." ಆಮೇಲೆ ಆ ಹಿರಿಯವಳು ಸೋತದ್ದನ್ನು, ಗೆದ್ದ ಹುಡುಗಿಯ ಕೈ ಎತ್ತಿದ್ದನ್ನು, ಜನ ಅತ್ತದ್ದನ್ನು ಹೇಳಿದೆ.

"ಕುಂತ ಮಂದಿಗೂ ಮೊದಲ ಗೊತ್ತಿರತೈತೇನು, ಮಾತಾಗೇತಿ ಅಂತ?"

"ರೇಣಿ ಹಂಗ ಅಂದಳು."

ಅವನು ತಲೆಯ ಮೇಲೆ ನೀರು ಸುರಿದುಕೊಂಡ. ಇನ್ನೊಂದು ತಂಬಿಗೆ. ಕೆಂಪು ನೀರು ಕಾಲಿಗೆ ಹರಿಯಿತು. "ಆಡವರಿಗೂ ಗೊತ್ತು, ನೋಡವರಿಗೂ ಗೊತ್ತು" ಎಂದು ತನ್ನಷ್ಟಕ್ಕೆ ಹೇಳಿಕೊಂಡ. "ಹಂಗಾದ್ರ ಮೋಸ ಹೋದವರು ಯಾರು?"

"ನೀ ಒಬ್ಬನ, ಚಹಾ ಕುಡಿಸಿ" ಎಂದೆ.

ನಗಲಿಲ್ಲ. ಆದರೆ ಓಣಿ ಬದಲಿಸುವ ಮುಖವೂ ಇರಲಿಲ್ಲ. "ಮಲಗು ಅಂತ ನಾ ಬಾಯಿಲೆ ಅನ್ನೂದಿಲ್ಲ, ವೈನಿ. ಈ ನಾಲಿಗಿ ಅದನ್ನ ಯಾವತ್ತೂ ಅಂದಿಲ್ಲ."

"ಬ್ಯಾರೆ ಏನರ ಅನ್ನು. ಆದ್ರ ಲಗೂನ ಅನ್ನು."

ಮಧ್ಯಾಹ್ನ ಮನೆಗೆ ಬಂದ. ಹೆಸರುಕಾಯಿಯ ನಡುವೆ ಸ್ವಲ್ಪ ಜಾಗ ಮಾಡಿ ಕೂರಿಸಿದೆ. ಶೋಭಾ ಮುಖ ಕಾಣುವಂತೆ ಫೋನ್ ಹಚ್ಚಿ ಅವನ ಮುಂದೆ ಹಿಡಿದಳು. ಅವನನ್ನು ನೋಡಿದ ಕೂಡಲೇ ರೇಣುಕಾ ಮೊಣಕಾಲೂರಿ ಕುಳಿತಳು.

"ಸಲಾಮ್ರಿ, ಉಸ್ತಾದ್‌ರ."

"ಉಂಡಿ?"

"ಹೂಂನ್ರಿ."

ಅವನು ಫೋನಿನ ಕಡೆ ಬಾಗಿದ. "ನನ್ನ ಮೊದಲ ಸಲ ಚಿತ್ ಮಾಡಿದ್ದು ನೆನಪೈತೇನು ನಿನಗ?"

"ಐತ್ರಿ. ನಾ ಆಗ ನಾಕನೇ ಇಯತ್ತೆ ಇದ್ದೆ. ಸಾಲ್ಯಾಗ ಎಲ್ಲಾರಿಗೂ ಹೇಳಿಕೋತ ಅಡ್ಡಾಡಿದ್ದೆ."

"ಆಗ ನಿನ್ನ ತೂಕ ಎಷ್ಟಿತ್ತು?"

"ಇಪ್ಪತ್ತೊಂದೋ ಇಪ್ಪತ್ತೆರಡೋ ಕಿಲೊ ಇರಬೇಕ್ರಿ."

"ನಂದು?"

ಅವಳ ಮುಖದಲ್ಲಿ ಲೆಕ್ಕ ನಡೆದದ್ದು ನಮಗೆ ಕಾಣುತ್ತಿತ್ತು.

"ಉಸ್ತಾದ್‌ರ, ನೀವು ಬೇಕಂತ ಬಿದ್ದಿದ್ದಿರೇನ್ರಿ?"

"ಹೌದವಾ."

"ಎಲ್ಲಾ ಸಲಾನೂ?"

"ನಿನಗ ಹದಿನೈದು ಆಗೂಮಟ. ಆಮ್ಯಾಲೆ ಒಂದೆರಡು ಸಲ ಖರೇನ ಬಿದ್ದೇನಿ."

ರೇಣುಕಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. ಆಮೇಲೆ ಸಿಟ್ಟಿನಿಂದಲೇ, "ಇಷ್ಟು ವರ್ಷ ನನಗ ಹೇಳಲಿಲ್ರಿ ನೀವು" ಎಂದಳು.

"ಹೇಳಿದ್ರ ನೀ ಮರುದಿನ ಬರತಿದ್ದೇನು?" ಉಸ್ತಾದ ಫೋನಿಗೆ ಇನ್ನಷ್ಟು ಹತ್ತಿರ ಬಾಗಿದ. "ನನಗ ನಿನ್ನ ಕೈಯಾಗ ಬಿದ್ದಿದ್ದಕ್ಕ ಯಾವತ್ತೂ ನಾಚಿಗಿ ಆಗಿಲ್ಲ. ಸುಳ್ಳ ಬಿದ್ದಂಗ ಬಿದ್ದಿದ್ರ ಆಗತಿತ್ತು. ಖರೇ ಬಿದ್ದಂಗ ಬಿದ್ದೆ, ನಿನಗ ಸಂಶೇ ಬರಲಿಲ್ಲ. ಅದೂ ಒಂದು ಡಾವು. ಎಲ್ಲಾ ಡಾವು ಕಲಿಸಿದೆ, ಅದೊಂದನ್ನ ಕಲಿಸಲಿಲ್ಲ. ಈಗ ಕೇಳು. ಉಸಿರು ಹಿಡಕೊಂಡಿದ್ದಕ್ಕ ನಿನ್ನ ಮೈ ಏಳತೈತಿ. ಒಂದು ಅನ್ನೂದ್ರಾಗ ಅರ್ಧ ಉಸಿರು ಬಿಡು. ಎರಡು ಅನ್ನೂದ್ರಾಗ ಪೂರಾ ಬಿಡು. ಮೂರಕ್ಕ ಏಳಬೇಕಂದ್ರೂ ನಿನ್ನ ಕಡೆ ಉಸಿರ ಇರಬಾರದು. ತಿಳೀತೇನು?"

"ತಿಳೀತ್ರಿ."

"ಇಲ್ಲೇ ಮಾಡಿ ತೋರಿಸು."

ಅವಳು ಫೋನ್ ಎಲ್ಲಿಗೋ ಆನಿಸಿಟ್ಟು ನೆಲಕ್ಕೆ ಮಲಗಿದಳು. ಉಸ್ತಾದ ನಮ್ಮ ಪಡಸಾಲೆಯ ಫರಸಿಗೆ ಅಂಗೈ ಬಡಿಯುತ್ತ ಎಣಿಸಿದ. ಮೊದಲ ಸಲ ಎದ್ದಳು. ಎರಡನೆಯ ಸಲವೂ ಎದ್ದಳು. ಹದಿನೇಳೋ ಹದಿನೆಂಟೋ ಸಲವಾದ ಮೇಲೆ ಏಳಲಿಲ್ಲ. ಉಸ್ತಾದನ ಅಂಗೈ ಕೆಂಪಾಗಿತ್ತು. ಅವನು ಬಡಿದಲ್ಲಿ ಹೆಸರುಕಾಯಿ ಒಡೆದು ಕಾಳು ಚೆಲ್ಲಿತ್ತು. ಆ ವರ್ಷ ನಮ್ಮ ಮನೆಯಲ್ಲಿ ಮೊದಲು ಬಡಿದ ಹೆಸರು ಅದೇ. ದಿನಾ ಮಧ್ಯಾಹ್ನ ಅದೇ ಹೊತ್ತಿಗೆ ಬಂದು ಎಣಿಸಿ ಹೋದ.

ಎರಡನೆಯ ಕುಸ್ತಿ ಶ್ರಾವಣದ ಕಡೆಯ ವಾರ. ಮಳೆ ಹಿಂದಕ್ಕೆ ಸರಿದು ಬಿಸಿಲು ಬಿದ್ದಿತ್ತು. ಹೊಲದಲ್ಲಿ ಕೆಲಸ ಬೆಟ್ಟದಷ್ಟಿತ್ತು, ಆದರೂ ಗರಡಿಯ ಪಡಸಾಲೆ ತುಂಬಿತು. ಈರಪ್ಪ ವಾಯರು ಹಚ್ಚುವಾಗ ಉಸ್ತಾದ ಎದ್ದು ನಿಂತ.

"ಇವತ್ತ ಹುಡುಗಿ ಸೋಲತಾಳ" ಎಂದ. "ಅಲ್ಲೆ ಹೊಸಬರಿಗೆ ಸೋಲೂದ ಮೊದಲ ಪಾಠ. ನೋಡವರಿಗೂ ಅದು ಗೊತ್ತಿರತೈತಿ, ಇನ್ನ ನಿಮಗೂ ಗೊತ್ತಾತು. ನೋಡಾಕ ಮನಸ್ಸಿಲ್ಲದವರು ಮನಿಗೆ ಹೋಗ್ರಿ. ಹೋದಸಲ ನಾ ತೊಡಿ ತಟ್ಟಿದ್ದು ತಪ್ಪಾತು."

ಅವನು ಜನರ ಮುಂದೆ ತಪ್ಪಾಯಿತು ಎಂದದ್ದನ್ನು ಊರು ಕೇಳಿರಲಿಲ್ಲ. ಕಲ್ಲಪ್ಪನೇ ಮೊದಲು, "ಸೋಲೂದೇನ ಹೊಸದ್ರಿ ಉಸ್ತಾದರ. ನನ್ನ ಮನಿಗೆ ಬರ್ರಿ, ದಿನಾ ಎರಡು ಹೊತ್ತು ಹೇಂತಿ ಕೈಯಾಗ ಸೋಲತೇನಿ" ಎಂದ. ಜನ ನಕ್ಕರು. ಒಬ್ಬರೂ ಎದ್ದು ಹೋಗಲಿಲ್ಲ.

ಎದುರಾಳಿ ಮತ್ತೆ ಹಳದಿ ಕೂದಲಿನವಳೇ. ಇವಳ ಜೊತೆ ಆಡಲು ಯಾರೂ ಒಪ್ಪದಿದ್ದಾಗ ಅವಳೇ, ನನ್ನ ಕುತ್ತಿಗೆ ಗಟ್ಟಿಯಾಗಿದೆ, ನಾನೇ ಆಡುತ್ತೇನೆ ಎಂದಳಂತೆ. ಆ ಹುಡುಗಿಗೆ ಒಳ್ಳೆಯದಾಗಲಿ. ರೇಣುಕಾ ಎದೆಯ ಮೇಲೆ ಏಟು ತಿಂದು ನಿಂತಳು. ಒಮ್ಮೆ ಬಗ್ಗಿ ಸೆಳೆದು ಅವಳನ್ನು ಬೆನ್ನ ಮೇಲಿನಿಂದ ಎತ್ತಿ ಒಗೆದಳು, ಅಗಸ ಕಲ್ಲಿಗೆ ಬಟ್ಟೆ ಒಗೆದ ಹಾಗೆ. ಅಲ್ಲಿಯ ಜನ ಹೋ ಎಂದರು, ಇಲ್ಲಿಯವರೂ ಹೋ ಎಂದರು. ಉಸ್ತಾದ ಕೈ ಎತ್ತಿ ಸುಮ್ಮನಿರಿಸಿದ. ಐದನೆಯ ನಿಮಿಷಕ್ಕೆ ಹಳದಿ ಕೂದಲಿನವಳು ಇವಳನ್ನು ಹೆಗಲ ಮೇಲೆ ಹೊತ್ತು ತಿರುಗಿ ಕೆಡವಿದಳು. ಮೇಲೆ ಬಿದ್ದಳು. ಪಂಚ ಬಂದ.

ಒಂದು. ನಾನು ರೇಣುಕಾಳ ಕಾಲನ್ನೇ ನೋಡುತ್ತಿದ್ದೆ. ಹಿಮ್ಮಡ ಗಾದಿಗೆ ಊರಿಕೊಂಡಿತು. ಅದು ಕಮಾನಿನ ಮೊದಲ ಹೆಜ್ಜೆ. "ಬಿಡು" ಎಂದ ಉಸ್ತಾದ, ತುಟಿಯಲ್ಲೇ. ಎರಡು. ಅವಳ ಹೊಟ್ಟೆ ಒಳಗೆ ಹೋಯಿತು. ಹಿಮ್ಮಡ ಜಾರಿ ಕಾಲು ನೀಳವಾಯಿತು. ನನ್ನ ಪಕ್ಕದಲ್ಲಿ ಕುಳಿತ ಈರಪ್ಪ, ಮಗಳು ಬರಲಿ ಎಂದವನು, ನನ್ನ ಮುಂಗೈ ಹಿಡಿದದ್ದು ಆಮೇಲೆ ನೋಯತೊಡಗಿದಾಗ ತಿಳಿಯಿತು. ಮೂರು.

ಗಂಟೆ ಹೊಡೆಯಿತು.

"ಬಿದ್ದಳು" ಎಂದ ಉಸ್ತಾದ. ಎದ್ದು ನಿಂತು ತೊಡೆ ತಟ್ಟಿದ.

"ಏನ ಬಿದ್ದಳೋ ಮಾರಾಯಾ" ಎಂದ ಕಲ್ಲಪ್ಪ. "ಗೊತ್ತಿದ್ದೂ ನನಗ ಖರೇ ಅನಿಸಿತು." ಆಮೇಲೆ ಒಬ್ಬೊಬ್ಬರಾಗಿ ಚಪ್ಪಾಳೆ ಹಾಕಿದರು. ಸೋತ ಪೈಲ್ವಾನನಿಗೆ ಚಪ್ಪಾಳೆ ಹಾಕುವ ಪದ್ಧತಿ ನಮ್ಮ ಗರಡಿಯಲ್ಲಿಲ್ಲ, ಅದಕ್ಕೆ ಮೊದಮೊದಲು ಕೈಗಳು ಹೊಂದಲಿಲ್ಲ.

ಕಟ್ಟೆಯ ಮೇಲೆ ಹಳದಿ ಕೂದಲಿನವಳು ಕೈ ನೀಡಿ ರೇಣುಕಾಳನ್ನು ಎಬ್ಬಿಸಿದಳು. ತಲೆ ಹಿಡಿದು ಕಿವಿಯಲ್ಲಿ ಏನೋ ಹೇಳಿದಳು. ರೇಣುಕಾ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದಳು, ನಾಲ್ಕೂ ಕಡೆಗೆ. ಮುಂದಿನ ಸಾಲಿನಿಂದ ಯಾರೋ ಒಬ್ಬರು ಒಂದೇ ಒಂದು ಕೆಂಪು ಕಾಗದದ ಪಟ್ಟಿ ಎಸೆದರು. ಅದು ಅವಳ ಭುಜದ ಮೇಲೆ ಬಿತ್ತು. ಅವಳು ಅದನ್ನು ತೆಗೆಯದೆ ಹಾಗೇ ಇಳಿದು ಹೋದಳು.

ಅವತ್ತು ಗಂಡಸರು ಚಹಾಕ್ಕೆ ಹೋಗಲಿಲ್ಲ. ಕಡೆಯ ಜೋಡಿಯವರೆಗೂ ಕುಳಿತು ನೋಡಿದರು. ಮುಖವಾಡದವಳು ಬಿದ್ದಾಗ, "ಈಕಿ ಉಸಿರು ಬಿಡಲಿಲ್ಲ ನೋಡ್ರಿ, ಅದಕ್ಕ ಪೆಟ್ಟಾತು" ಎಂದು ಉಸ್ತಾದ ತಪ್ಪು ಹಿಡಿದ.

ಸಂಜೆ ನಾನು ಅಂಗಳದಲ್ಲಿ ಒಣಗಿದ ಹೆಸರನ್ನು ಕೋಲಿನಿಂದ ಬಡಿಯುತ್ತಿದ್ದಾಗ ಫೋನ್ ಬಂತು. ಹಿಂದೆ ಬಹಳ ಜನರ ಮಾತು, ತಾಟಿನ ಸಪ್ಪಳ. ಎಲ್ಲರೂ ಕೂಡಿ ಉಣ್ಣುತ್ತಿದ್ದರು.

"ಆಯಿ, ಇಟ್ಟುಕೊಂಡ್ರು."

"ಎಷ್ಟು ದಿನ?"

"ಮೊದಲ ಒಂದು ವರ್ಷ. ಮುಂದಿನ ತಿಂಗಳ ಎರಡು ಊರಾಗ ಕುಸ್ತಿ ಅದಾವ."

"ಗೆಲ್ಲತೀಯೇನು?"

"ಎರಡೂ ಸೋಲತೇನಿ" ಎಂದಳು. ಅಷ್ಟು ಉಮೇದಿನಿಂದ ಆ ಮಾತು ಹೇಳಿದವರನ್ನು ನಾನು ಕಂಡಿಲ್ಲ. "ಮೊದಲನೇದ್ರಾಗ ಆರು ನಿಮಿಷ ನಿಲ್ಲಬೇಕಂತ, ಎರಡನೇದ್ರಾಗ ಎಂಟು."

"ಹಂಗಾದ್ರ ಫೋನ್ ಇಟ್ಟು ಹೊಟ್ಟಿ ತುಂಬ ಉಣ್ಣು" ಎಂದೆ. "ಎಂಟು ನಿಮಿಷ ಸೋಲಬೇಕಂದ್ರ ತ್ರಾಣ ಬೇಕಾಗತೈತಿ."